ಪುಸ್ತಕ ನಾಲ್ಕು, ಸೋಲು ಲೆಕ್ಕವಿಲ್ಲ

ಮಣೆ ಮುಂದೆ: ಚೆಸ್ ಪ್ರಶ್ನೋತ್ತರ

ಈ ಸಲ ತಿಪಟೂರಿನಿಂದ ಬಂದ ಒಂದು ಕಾಗದ ತುಂಬಾ ಉದ್ದ ಇತ್ತು. ಉತ್ತರವೂ ಉದ್ದವಾಯಿತು. ಹಾಗಾಗಿ ಉಳಿದವರಿಗೆ ಜಾಗ ಕಮ್ಮಿ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 43 ವರ್ಷ. ತಿಪಟೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. 2020ರ ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಾಗ ಮಗಳಿಗೆ ಚೆಸ್ ಹೇಳಿಕೊಟ್ಟೆ. ನನಗೂ ಅಷ್ಟೇನೂ ಬರುತ್ತಿರಲಿಲ್ಲ. ಯಾವ ಕಾಯಿ ಹೇಗೆ ನಡೆಯುತ್ತದೆ ಅಂತ ಗೊತ್ತಿತ್ತು, ಅಷ್ಟೇ. ಆಗ ಅವಳಿಗೆ ಏಳು ವರ್ಷ. ಈಗ ಏಳನೇ ಕ್ಲಾಸು. ಕಳೆದ ಒಂದು ವರ್ಷದಲ್ಲಿ ಅವಳ ಎದುರು ನಾನು ಗೆದ್ದದ್ದು ಎರಡೇ ಆಟ. ಅದರಲ್ಲೂ ಒಂದು ದಿನ ಅವಳಿಗೆ ಜ್ವರ ಇತ್ತು.

ಹಟ ಹಿಡಿದು ಪುಸ್ತಕ ಕೊಳ್ಳೋಕೆ ಶುರು ಮಾಡಿದೆ. ಈಗ ನಾಲ್ಕಿವೆ. ಒಂದು ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳ ಬಗ್ಗೆ, ಒಂದು ಸ್ಟ್ರಾಟೆಜಿ ಬಗ್ಗೆ, ಒಂದು ಎಂಡ್‌ಗೇಮ್, ಅಂದರೆ ಕಾಯಿ ಕಮ್ಮಿಯಾದ ಮೇಲಿನ ಕೊನೆಯ ಆಟದ ಬಗ್ಗೆ. ಇನ್ನೊಂದು ದೊಡ್ಡ ಆಟಗಾರರ ಆಟಗಳನ್ನು ವಿವರಿಸುವ ದಪ್ಪ ಪುಸ್ತಕ. ಅದನ್ನು ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದೆ. ಎಲ್ಲವೂ ಇಂಗ್ಲಿಷು. ನಾನು ಕನ್ನಡ ಮೀಡಿಯಂ. ಆದರೂ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕೂತು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಮೂರು ಪುಸ್ತಕ ಪೂರ್ತಿ ಓದಿದೆ. ಓದುವಾಗ ಎಲ್ಲಾ ಅರ್ಥವಾಗುತ್ತದೆ. ಮಣೆ ಮುಂದೆ ಕೂತರೆ ತಲೆ ಖಾಲಿ. ‘ಪ್ಲಾನ್ ಮಾಡಿ’ ಅಂತ ಪುಸ್ತಕ ಹೇಳುತ್ತದೆ. ಯಾವ ಪ್ಲಾನು? ನಾನು ಪ್ಲಾನ್ ಹುಡುಕುವಷ್ಟರಲ್ಲಿ ಒಂದು ಕುದುರೆ ಹೋಗಿರುತ್ತದೆ. ಮೊನ್ನೆ ಮಗಳು, ‘ಅಪ್ಪಾ, ನೀನು ಪುಸ್ತಕ ನೋಡ್ತೀಯ, ಬೋರ್ಡ್ ನೋಡಲ್ಲ’ ಅಂದಳು. ಮನೆಯವಳು ನಕ್ಕಳು.

ನನ್ನ ಪ್ರಶ್ನೆ ಇಷ್ಟೇ. ಈ ನಾಲ್ಕನ್ನು ಯಾವ ಕ್ರಮದಲ್ಲಿ ಓದಬೇಕು? ಇನ್ನೊಂದು ಪುಸ್ತಕ ತರಬೇಕಾ? ಅಥವಾ ನನ್ನ ತಲೆಯಲ್ಲೇ ಏನಾದರೂ ಕೊರತೆ ಇದೆಯಾ? ಒಂದು ಆಟವನ್ನು ಬಿಲ್ಲಿನ ಹಿಂದೆ ಬರೆದು ಕಳಿಸಿದ್ದೇನೆ.
– ಜೆರಾಕ್ಸ್ ಅಂಗಡಿಯವನು, ತಿಪಟೂರು

ಉತ್ತರ: ಮಗಳು ಹೇಳಿದ್ದನ್ನು ನೀವೇ ಬರೆದು, ಆಮೇಲೆ ನನ್ನನ್ನು ಕೇಳಿದ್ದೀರಿ. ಅವಳು ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗೆ ನಾನಿದ್ದೇನೆ.

ಮೊದಲು ಬಿಲ್ಲಿನ ಹಿಂದಿನ ಆಟ. ರಾತ್ರಿ ಊಟ ಮುಗಿಸಿ, ಮಣೆ ಹಾಕಿ, ಒಂದೊಂದೇ ನಡೆ ಆಡಿ ನೋಡಿದೆ. (ಎರಡು ಕಡೆ ನಿಮ್ಮ ಅಕ್ಷರಕ್ಕೆ ಭೂತಗನ್ನಡಿ ಬೇಕಾಯಿತು. ಜೆರಾಕ್ಸ್ ಅಂಗಡಿಯವರು ದೊಡ್ಡದು ಮಾಡಿ ಕಳಿಸಬಹುದಿತ್ತು, ಅಲ್ವಾ?) ಓದುಗರೂ ಮಣೆ ಹಾಕಿಕೊಳ್ಳಲಿ. ಬಿಳಿ ಅಪ್ಪನದು, ಕಪ್ಪು ಮಗಳದು. (ಹೊಸಬರಿಗೆ: ಬಿಳಿಯವರ ಎಡದಿಂದ ಬಲಕ್ಕೆ ಉದ್ದ ಸಾಲುಗಳು ಎ ಇಂದ ಎಚ್, ಬಿಳಿ ಕಡೆಯಿಂದ ಮೇಲಕ್ಕೆ ಮನೆಗಳು 1ರಿಂದ 8. ಎಫ್3 ಅಂದರೆ ಎಫ್ ಸಾಲಿನ ಮೂರನೇ ಮನೆ.)

ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದ್ದೀರಿ. ನಿಮ್ಮ ಕುದುರೆ ಎಫ್3, ಅವಳ ಕುದುರೆ ಸಿ6. ನಿಮ್ಮ ಒಂಟೆ ಬಿ5ಕ್ಕೆ ಬಂತು. ಅವಳು ಎ6 ಆಡಿ ಕೆಣಕಿದಳು, ಒಂಟೆ ಎ4ಕ್ಕೆ ಸರಿಯಿತು. ಅವಳು ಡಿ6, ನೀವು ಡಿ4. ಅವಳು ಬಿ5 ನೂಕಿ ಮತ್ತೆ ಕೆಣಕಿದಳು, ಒಂಟೆ ಬಿ3ಕ್ಕೆ ಬಂತು. ಆಮೇಲೆ ಹೊಡೆದಾಟ. ಅವಳ ಕುದುರೆ ಡಿ4ರ ಕಾಲಾಳನ್ನು ಹೊಡೆಯಿತು. ನಿಮ್ಮ ಕುದುರೆ ಆ ಕುದುರೆಯನ್ನು ಹೊಡೆಯಿತು. ಅವಳ ಇ5 ಕಾಲಾಳು ನಿಮ್ಮ ಕುದುರೆಯನ್ನು ಹೊಡೆದು ಡಿ4ರಲ್ಲಿ ಕೂತಿತು. ಇಲ್ಲಿಗೆ ಏಳು ನಡೆ. ಎಂಟನೆಯದಕ್ಕೆ ನೀವು ಮಂತ್ರಿಯಿಂದ ಆ ಕಾಲಾಳನ್ನು ಹೊಡೆದಿರಿ. ಪಕ್ಕದಲ್ಲಿ ಸಣ್ಣಗೆ ಬರೆದಿದ್ದೀರಿ: ‘ಸೆಂಟರ್ ಹಿಡಿದೆ’.

ಹಿಡಿದಿರಿ, ನಿಜ. ಅವಳು ಸಿ5 ನೂಕಿದಳು. ಮಂತ್ರಿ ಏಳಬೇಕಾಯಿತು. ನೀವು ಡಿ5ಕ್ಕೆ ಹೋಗಿ ಎಫ್7ರಲ್ಲಿ ಮೇಟ್ ಮಾಡ್ತೀನಿ, ಅಂದರೆ ರಾಜ ತಪ್ಪಿಸಿಕೊಳ್ಳದ ಹಾಗೆ ಕಟ್ಟಿಹಾಕ್ತೀನಿ ಅಂತ ಹೆದರಿಸಿದಿರಿ. ಅವಳು ಒಂಟೆಯನ್ನು ಇ6ಕ್ಕೆ ತಂದಳು. ನೀವು ಸಿ6ರಲ್ಲಿ ಚೆಕ್ ಕೊಟ್ಟಿರಿ. ಅದೇ ಒಂಟೆ ಡಿ7ಕ್ಕೆ ಇಳಿಯಿತು. ಮತ್ತೆ ಮಂತ್ರಿ ಡಿ5. ಆಗ ಅವಳು ಸಿ4 ಆಡಿದಳು. ಈಗ ನಿಮ್ಮ ಬಿ3 ಒಂಟೆಯನ್ನು ನೋಡಿ. ಹಿಂದೆ ಎ2, ಸಿ2ರಲ್ಲಿ ನಿಮ್ಮದೇ ಕಾಲಾಳುಗಳು. ಮುಂದೆ ಎ4ಕ್ಕೆ ಹೋದರೆ ಬಿ5ರ ಕಾಲಾಳು ಹೊಡೆಯುತ್ತದೆ. ಸಿ4ನ್ನು ಹೊಡೆದರೂ ಅದೇ ಕಾಲಾಳು ಹೊಡೆಯುತ್ತದೆ. ಒಂಟೆಯ ದಾರಿಗೆ ಸಿ4 ಅಡ್ಡ ಬಂದದ್ದರಿಂದ ಎಫ್7ರ ಹೆದರಿಕೆಯೂ ಹೋಯಿತು. ಮೂರು ಪುಟಾಣಿ ಕಾಲಾಳುಗಳು ಸೇರಿ ಒಂದು ಒಂಟೆಯನ್ನು ಕೊಟ್ಟಿಗೆಗೆ ಕಟ್ಟಿಹಾಕಿದವು.

ಈ ಬಲೆಗೆ ಚೆಸ್ ಲೋಕದಲ್ಲಿ ‘ನೋಹನ ನಾವೆ’ ಅಂತ ಹೆಸರಿದೆ. ನಿಮ್ಮ ಮಗಳಿಗೆ ಆ ಹೆಸರು ಗೊತ್ತಿಲ್ಲದೆ ಇರಬಹುದು, ಆದರೆ ಬಲೆ ಹಾಕೋದು ಗೊತ್ತು. ನಾಚಿಕೆಪಡಬೇಡಿ. 1929ರಲ್ಲಿ ಬುಡಾಪೆಸ್ಟಿನಲ್ಲಿ ಎಂಡ್ರೆ ಸ್ಟೈನರ್ ಅನ್ನುವ ಒಳ್ಳೆಯ ಆಟಗಾರರೇ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕ ಎದುರು ಇದೇ ಬಲೆಗೆ ಬಿದ್ದಿದ್ದರು. ನಡೆಗಳೂ ಇವೇ. ನಿಮ್ಮ ಬಿಲ್ಲಿನ ಹಿಂದೆ ಇರುವುದು ಒಂದು ಐತಿಹಾಸಿಕ ಸೋಲು.

ಎಂಟನೇ ನಡೆಯಲ್ಲಿ ಒಂಟೆಯನ್ನೇ ಡಿ5ಕ್ಕೆ ತಂದು, ಮೂಲೆಯ ಎ8 ಆನೆಗೆ ಗುರಿಯಿಟ್ಟಿದ್ದರೆ? ಅವಳು ಆನೆ ಸರಿಸಬೇಕಿತ್ತು. ಒಂಟೆ ಸಿ6ರಲ್ಲಿ ಚೆಕ್ ಕೊಟ್ಟು, ಒಂಟೆಗೆ ಒಂಟೆ ಬದಲಾಯಿಸಿಕೊಂಡು, ಆಮೇಲೆ ಆರಾಮಾಗಿ ಮಂತ್ರಿಯಿಂದ ಡಿ4 ಹೊಡೆಯಬಹುದಿತ್ತು. ಕಾಲಾಳು ಎಲ್ಲೂ ಓಡಿಹೋಗುತ್ತಿರಲಿಲ್ಲ. ಇದನ್ನು ಕಾಣೋಕೆ ಸ್ಟ್ರಾಟೆಜಿ ಬೇಕಿಲ್ಲ. ‘ನಾನು ಇದನ್ನು ಆಡಿದರೆ ಅವಳು ಏನಾಡ್ತಾಳೆ?’ ಅಂತ ಒಂದು ಸಲ ಕೇಳಿಕೊಂಡಿದ್ದರೆ ಸಾಕಿತ್ತು. ನಿಮ್ಮ ತಲೆಯಲ್ಲಿ ಆಗ ಕೆಂಪು ಗೆರೆ ಎಳೆದ ಸಾಲು ಓಡುತ್ತಿತ್ತು. ಮಂತ್ರಿ ಮಧ್ಯಕ್ಕೆ ಬಂದದ್ದನ್ನು ನೋಡಿ ಖುಷಿಯಾಯಿತು. ಕೈ ಹೋಯಿತು.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಅದೇ ಜಾತಿ. ನಾನು ತುಮಕೂರಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ನೈಟ್ ಡ್ಯೂಟಿಯಲ್ಲಿ ಒಂದು ಗಂಟೆಯ ಮೇಲೆ ಟ್ರಂಕ್ ಕಾಲ್ ಕಮ್ಮಿ. ನಿದ್ದೆ ಬರದಿರಲಿ ಅಂತ ಯಾರೋ ಬಿಟ್ಟುಹೋದ ಚೆಸ್ ಪುಸ್ತಕ ಹಿಡಿದೆ. ಮಣೆ ಇಲ್ಲ, ಕಾಯಿ ಇಲ್ಲ. ಕಾದಂಬರಿ ಓದಿದ ಹಾಗೆ ಮೂರು ರಾತ್ರಿಯಲ್ಲಿ ಓದಿ ಮುಗಿಸಿದೆ. ಎಲ್ಲಾ ಬಂತು ಅನಿಸಿತು. ಮುಂದಿನ ಭಾನುವಾರ ಗುಬ್ಬಿಯಲ್ಲಿ ಮಾವನವರ ಜೊತೆ ಜಗಲಿ ಮೇಲೆ ಆಡೋಕೆ ಕೂತೆ. ಅವರು ಪುಸ್ತಕದ ಮುಖ ನೋಡಿದವರಲ್ಲ. ಆಡುತ್ತಿದ್ದದ್ದೂ ಹಳೇ ದೇಸಿ ಪದ್ಧತಿ. ಕಾಲಾಳು ಮೊದಲ ಸಲವೂ ಒಂದೇ ಮನೆ, ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜ, ಆನೆ ಎರಡನ್ನೂ ಸರಿಸೋದು) ಇಲ್ಲ, ರಾಜ ಒಂದೇ ಒಂದು ಸಲ ಕುದುರೆ ಹಾಗೆ ನೆಗೆಯಬಹುದು. ಮಧ್ಯಾಹ್ನದೊಳಗೆ ನಾಲ್ಕು ಆಟ ಸೋತೆ. ನಾನು ಗಂಭೀರವಾಗಿ ಒಂಟೆಯ ಬಗ್ಗೆ ಯೋಚಿಸುತ್ತಿದ್ದಾಗ ಅವರು ಎಲೆ ಅಡಿಕೆ ಮಡಿಸುತ್ತಾ, ‘ಓದಿದ್ದಾಯ್ತೇನಮ್ಮಾ? ಕುದುರೆ ನೋಡ್ಕೊ’ ಅಂದರು. ನೋಡಿದೆ. ಕುದುರೆ ಆಗಲೇ ಹೋಗಿತ್ತು.

ನೀವು ತಿಪಟೂರಿನವರು, ನಿಮಗೆ ಕೊಬ್ಬರಿ ವಿಷಯ ನಾನು ಹೇಳಬೇಕಾ? ಬಲಿತ ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಕೂರಬೇಕು. ನೀರು ಇಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ನೀವು ಮೂರು ಪುಸ್ತಕ ಓದಿದ್ದು ಎಳನೀರು ಕುಡಿದ ಹಾಗೆ. ರುಚಿಯಾಗಿತ್ತು, ಅಷ್ಟೇ.

ಈಗ ಓದುವ ವಿಧಾನ. ಆ ದಪ್ಪ ಪುಸ್ತಕ ತಗೊಳ್ಳಿ, ದೊಡ್ಡವರ ಆಟಗಳಿರುವುದು. ವಾರಕ್ಕೆ ಒಂದೇ ಆಟ. ನಿಜವಾದ ಮಣೆ, ನಿಜವಾದ ಕಾಯಿ, ಫೋನ್ ಬೇಡ. ಒಂದು ಹಳೇ ಲಗ್ನಪತ್ರಿಕೆ ತಗೊಂಡು ಪುಟದ ಮೇಲಿಟ್ಟು ಮುಂದಿನ ನಡೆ ಮುಚ್ಚಿ. ಗೆದ್ದವರ ಕಡೆ ಕೂತು, ‘ನಾನಾಗಿದ್ದರೆ ಏನು ಆಡುತ್ತಿದ್ದೆ’ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಪತ್ರಿಕೆ ಒಂದು ಸಾಲು ಕೆಳಗೆ ಸರಿಸಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಮೂವತ್ತಮೂರು ನಡೆಯಲ್ಲಿ ಆರು ಸರಿ ಬಂದಿತ್ತು. ಅದರಲ್ಲಿ ನಾಲ್ಕು ಹೊಡೆದ ಕಾಯಿಯನ್ನು ವಾಪಸ್ ಹೊಡೆಯೋದು, ಅದು ಮಗುವಿಗೂ ಗೊತ್ತಾಗುತ್ತದೆ.

ನಡೆ ತಪ್ಪಿದಾಗ ಪುಸ್ತಕದವರು ಯಾಕೆ ಹಾಗೆ ಆಡಿದರು ಅಂತ ಒಂದು ಸಾಲು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಇದನ್ನು ಸುಮ್ನೆ ಭಾಷಾಭಿಮಾನಕ್ಕೆ ಹೇಳುತ್ತಿಲ್ಲ. ‘ಪೊಸಿಷನಲ್ ಅಡ್ವಾಂಟೇಜ್’ ಅಂತ ಪುಸ್ತಕದ ಮಾತನ್ನೇ ಇಳಿಸಿಬಿಟ್ಟರೆ ಅರ್ಥವಾದ ಹಾಗೆ ಅನಿಸುತ್ತದೆ, ಆಗಿರುವುದಿಲ್ಲ. ‘ಅವನ ಒಂಟೆ ಅವನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಂಡಿದೆ, ಅದಕ್ಕೇ ಇವನು ಒಂಟೆ ಬದಲಾಯಿಸಿಕೊಳ್ಳಲಿಲ್ಲ’ ಅಂತ ಬರೆಯಬೇಕಾದರೆ ನೀವು ಆ ಒಂಟೆಯನ್ನು ಕಣ್ಣಾರೆ ನೋಡಿರಲೇಬೇಕು. ಕನ್ನಡ ಮೀಡಿಯಂ ಅಂತ ಕೊರಗಿದ್ದೀರಲ್ಲ, ಇಲ್ಲಿ ಅದೇ ನಿಮ್ಮ ಲಾಭ.

ಮೊದಲ ಆಟ ಯಾವುದು ಅಂದರೆ, 1858ರಲ್ಲಿ ಪ್ಯಾರಿಸಿನ ಒಪೆರಾ ಮನೆಯಲ್ಲಿ ಅಮೆರಿಕದ ಆಟಗಾರ ಪಾಲ್ ಮಾರ್ಫಿ ಆಡಿದ್ದು. ಇಂಥ ಪುಸ್ತಕಗಳಲ್ಲಿ ಬಹಳ ಸಲ ಇರುತ್ತದೆ, ಹುಡುಕಿ. ಎದುರಿಗೆ ಇಬ್ಬರು ಶ್ರೀಮಂತರು ಸೇರಿ ಆಡಿದರು. ಹದಿನೇಳೇ ನಡೆ. ಕೊನೆಯಲ್ಲಿ ಮಾರ್ಫಿ ಮಂತ್ರಿಯನ್ನೇ ಕೊಟ್ಟು, ಒಂದು ಆನೆ ಒಂದು ಒಂಟೆಯಲ್ಲಿ ಮೇಟ್ ಮಾಡಿದ. ಎಲ್ಲರೂ ಆ ಮಂತ್ರಿ ಕೊಟ್ಟದ್ದನ್ನೇ ಹೊಗಳುತ್ತಾರೆ. ನೀವು ಅದನ್ನು ಬಿಟ್ಟು, ಮೇಟ್ ಆದಾಗ ಕಪ್ಪು ಕಡೆಯ ಬಲಗಡೆ ಮೂಲೆ ನೋಡಿ. ಅಂದರೆ ಬಿಳಿಯವರಿಗೆ ಬಲಗಡೆ. ಎಫ್8ರ ಒಂಟೆ, ಎಚ್8ರ ಆನೆ ಆಟ ಶುರುವಾದಾಗ ಇದ್ದಲ್ಲೇ ಇವೆ. ಒಂದು ಹೆಜ್ಜೆ ಇಟ್ಟಿಲ್ಲ. ಕಾಲಾಳು ಬಿಟ್ಟರೆ ಬಿಳಿ ಕಡೆ ಹಾಗೆ ಕೂತ ಒಂದು ಕಾಯಿಯೂ ಇಲ್ಲ.

ನಿಮ್ಮ ‘ಯಾವ ಪ್ಲಾನು’ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಪ್ಲಾನ್ ಅಂದರೆ ಹತ್ತು ನಡೆ ಮುಂದಿನ ಮಾತು ಅಂದುಕೊಂಡಿದ್ದೀರಿ. ನಮ್ಮ ಮಟ್ಟದಲ್ಲಿ ಅದೇನೂ ಬೇಡ. ಮದುವೆ ಮನೆಯಲ್ಲಿ ಬಡಿಸೋಕೆ ಅಂತ ಬಂದು ಕಂಬಕ್ಕೆ ಒರಗಿ ನಿಂತಿರುವವನನ್ನು ಹುಡುಕಿ ಕೈಗೆ ಪಾಯಸದ ಬಕೆಟ್ಟು ಕೊಡುತ್ತೀವಲ್ಲ, ಹಾಗೆ. ನಿಮ್ಮ ಯಾವ ಕಾಯಿ ಕೆಲಸವಿಲ್ಲದೆ ನಿಂತಿದೆ? ಅದಕ್ಕೆ ಎಲ್ಲಿ ಕೆಲಸ ಸಿಗುತ್ತದೆ? ಅಲ್ಲಿಗೆ ಹೋಗೋಕೆ ಎಷ್ಟು ನಡೆ? ಅದು ಪ್ಲಾನು.

ಸ್ಟ್ರಾಟೆಜಿ ಪುಸ್ತಕದಿಂದ ಸದ್ಯಕ್ಕೆ ಒಂದೇ ಒಂದು ವಿಷಯ ಇಟ್ಟುಕೊಳ್ಳಿ. ಕಾಲಾಳು ಹಿಂದಕ್ಕೆ ಬರುವುದಿಲ್ಲ. ಉಳಿದ ಎಲ್ಲಾ ಕಾಯಿಯೂ ತಪ್ಪಾದರೆ ವಾಪಸ್ ಬರಬಹುದು, ಕಾಲಾಳು ಮಾತ್ರ ಇಲ್ಲ. 1749ರಲ್ಲೇ ಫಿಲಿಡೋರ್ ಅನ್ನುವ ಫ್ರೆಂಚ್ ಆಟಗಾರ ಕಾಲಾಳುಗಳೇ ಆಟದ ಜೀವ ಅಂತ ಬರೆದಿಟ್ಟ. ನನಗೆ ಅದು ಎಷ್ಟೋ ವರ್ಷ ಬರೀ ಅಲಂಕಾರದ ಮಾತಾಗಿ ಕಂಡಿತ್ತು. ಹೀಗೆ ನೋಡಿ: ಕಪ್ಪಿನ ಕಾಲಾಳುಗಳು ಸಿ5, ಡಿ6, ಇ5ರಲ್ಲಿವೆ ಅಂದುಕೊಳ್ಳಿ. ಈಗ ಡಿ5 ಮನೆಯನ್ನು ಕಾಯೋಕೆ ಕಪ್ಪಿಗೆ ಕಾಲಾಳೇ ಇಲ್ಲ. ಕಾಯಬೇಕಾದವು ಸಿ6ರಲ್ಲೋ ಇ6ರಲ್ಲೋ ಇರಬೇಕಿತ್ತು. ಅವು ದಾಟಿ ಹೋಗಿವೆ, ಇನ್ನು ತಿರುಗಿ ಬರುವುದಿಲ್ಲ. ನಿಮ್ಮ ಕುದುರೆಯನ್ನು ಸಿ3ರಿಂದ ಡಿ5ಕ್ಕೆ ಕೂರಿಸಿ, ಇ4 ಕಾಲಾಳಿನಿಂದ ಒತ್ತಾಸೆ ಕೊಡಿ. ಅದನ್ನು ಓಡಿಸಬೇಕಾದರೆ ಅವರು ಒಂದು ಒಂಟೆಯನ್ನೋ ಕುದುರೆಯನ್ನೋ ಕೊಟ್ಟೇ ಓಡಿಸಬೇಕು. ಮುಂದಿನ ಹತ್ತು ಆಟದಲ್ಲಿ ಇದೊಂದನ್ನೇ ಹುಡುಕಿ. ಎಲ್ಲಾ ಆಟದಲ್ಲೂ ಸಿಗುವುದಿಲ್ಲ. ಸಿಕ್ಕ ದಿನ ಗೊತ್ತಾಗುತ್ತದೆ.

ಎಂಡ್‌ಗೇಮ್ ಪುಸ್ತಕವನ್ನು ನೀವು ಕೊನೆಗೆ ಇಟ್ಟಿದ್ದೀರಿ ಅಂತ ನನ್ನ ಊಹೆ. ಎಲ್ಲರೂ ಹಾಗೇ ಮಾಡುತ್ತಾರೆ. ಉಳಿದ ಮೂರರಲ್ಲಿ ಅದನ್ನು ಮೊದಲು ತೆಗೆಯಿರಿ. 1921ರಲ್ಲಿ ವಿಶ್ವ ಚಾಂಪಿಯನ್ ಆದ ಕಾಪಾಬ್ಲಾಂಕ ಅದೇ ವರ್ಷ ಕಲಿಯುವವರಿಗಾಗಿ ಬರೆದ ಪುಸ್ತಕ ಸುಲಭದ ಮೇಟ್‌ಗಳಿಂದಲೇ ಶುರುವಾಗುತ್ತದೆ. ಮಣೆ ತುಂಬಾ ಕಾಯಿ ಇದ್ದಾಗ ಏನೂ ಕಾಣುವುದಿಲ್ಲ. ಮೂರು ಕಾಯಿ ಇದ್ದಾಗ ಎಲ್ಲಾ ಕಾಣುತ್ತದೆ. ಬಿಳಿ ರಾಜ ಇ5, ಬಿಳಿ ಕಾಲಾಳು ಇ4, ಕಪ್ಪು ರಾಜ ಇ7. ಇಷ್ಟೇ ಇಡಿ. ಕಿರಿದಾದ ಓಣಿಯಲ್ಲಿ ಎರಡು ಎತ್ತಿನ ಗಾಡಿ ಎದುರುಬದುರಾದ ಹಾಗೆ. ಕಪ್ಪಿನ ಸರದಿಯಾದರೆ ಅದರ ರಾಜ ಪಕ್ಕಕ್ಕೆ ಸರಿಯಬೇಕು, ನಿಮ್ಮ ರಾಜ ಇನ್ನೊಂದು ಪಕ್ಕದಿಂದ ನುಗ್ಗುತ್ತಾನೆ, ಕಾಲಾಳು ಮಂತ್ರಿಯಾಗುತ್ತದೆ. ನಿಮ್ಮ ಸರದಿಯಾದರೆ, ಎದುರಿನವರು ತಪ್ಪದೆ ಆಡಿದರೆ, ಡ್ರಾ. ಕಾಯಿ ಅವೇ, ಮನೆ ಅವೇ. ಈ ಮೂರು ಕಾಯಿ ಇಟ್ಟುಕೊಂಡು ಮಗಳ ಜೊತೆ ಒಂದು ಸಂಜೆ ಪೂರ್ತಿ ಆಡಿ, ಬಣ್ಣ ಬದಲಾಯಿಸಿ ಬದಲಾಯಿಸಿ.

ಇದು ಮಕ್ಕಳ ಆಟ ಅಂತ ಅನಿಸಿದರೆ 2024ರ ಡಿಸೆಂಬರ್ 12 ನೆನಪು ಮಾಡಿಕೊಳ್ಳಿ. ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ನಮ್ಮ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್, ಹದಿನಾಲ್ಕನೇ ಆಟ, ಇಬ್ಬರಿಗೂ ಆರೂವರೆ ಪಾಯಿಂಟು. ಗುಕೇಶ್ ಕಡೆ ಒಂದು ಕಾಲಾಳು ಜಾಸ್ತಿ ಇತ್ತು, ಅಷ್ಟೇ. ಡ್ರಾ ಆಗುತ್ತದೆ ಅಂತ ನಾನೂ ಕಾಫಿ ಮಾಡೋಕೆ ಎದ್ದೆ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು. ಆನೆಗೆ ಆನೆ ಹೋಯಿತು, ಒಂಟೆಗೆ ಒಂಟೆ ಹೋಯಿತು. ಉಳಿದದ್ದು ರಾಜರು ಮತ್ತು ಮೂರು ಕಾಲಾಳು. ಆ ಲೆಕ್ಕ ಗುಕೇಶ್‌ಗೆ ಕಂಡಿತು. ಹಾಲು ಉಕ್ಕಿತು, ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ. ಯಾವ ಕಾಯಿಯನ್ನು ಯಾವಾಗ ಬದಲಾಯಿಸಿಕೊಳ್ಳಬೇಕು ಅನ್ನೋದೇ ಸ್ಟ್ರಾಟೆಜಿಯ ಅರ್ಧ. ಬದಲಾದ ಮೇಲೆ ಏನು ಉಳಿಯುತ್ತದೆ ಅಂತ ಗೊತ್ತಿಲ್ಲದವರು ಅದನ್ನು ಹೇಗೆ ನಿರ್ಧಾರ ಮಾಡಬೇಕು?

ಓಪನಿಂಗ್ ಪುಸ್ತಕ ಸದ್ಯಕ್ಕೆ ಬೀರು ಮೇಲೆ ಇರಲಿ. ಐದನೇ ಪುಸ್ತಕ ತರಬೇಡಿ. ತಲೆಗೆ ಏನೂ ಆಗಿಲ್ಲ.

ಇನ್ನೊಂದು ಮಾತು. ಸೋತ ತಕ್ಷಣ ಕಾಯಿಗಳನ್ನು ಡಬ್ಬಿಗೆ ಸುರಿಯಬೇಡಿ. ‘ಎಲ್ಲಿ ಹಾಳು ಮಾಡಿಕೊಂಡೆ, ತೋರಿಸು’ ಅಂತ ಮಗಳನ್ನು ಕೇಳಿ. ಲಾಕ್‌ಡೌನಿನಲ್ಲಿ ನೀವು ಕಲಿಸಿದಿರಿ, ಈಗ ಅವಳ ಸರದಿ. ಆಡುವಾಗ ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ಕೂತುಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ನಾನು ಈಗಲೂ ಹಾಗೇ ಕೂರುತ್ತೇನೆ.

ಪ್ರಶ್ನೆ: ತಾತನ ಪೆಟ್ಟಿಗೆಯಲ್ಲಿ ಒಂದು ಹಳೇ ಚೆಸ್ ಪುಸ್ತಕ ಸಿಕ್ಕಿತು. ಅದರಲ್ಲಿ ‘ಪಿ-ಕೆ4’, ‘ಕೆಟಿ-ಕೆಬಿ3’ ಅಂತೆಲ್ಲಾ ಇದೆ. ಒಂದಕ್ಷರ ಅರ್ಥವಾಗುತ್ತಿಲ್ಲ. ರದ್ದಿಗೆ ಹಾಕಲಾ?
– ಬಿ.ಎಸ್ಸಿ. ವಿದ್ಯಾರ್ಥಿ, ಕೋಲಾರ

ಉತ್ತರ: ಹಾಕಿದರೆ ನನ್ನ ಶಾಪ ತಟ್ಟುತ್ತದೆ. ನಾನು ಕಲಿತದ್ದೇ ಅಂಥ ಪುಸ್ತಕದಿಂದ.

ಹಳೇ ಬರವಣಿಗೆಯಲ್ಲಿ ಸಾಲುಗಳಿಗೆ ಎ, ಬಿ, ಸಿ ಹೆಸರಿಲ್ಲ. ಆಟ ಶುರುವಾದಾಗ ಅಲ್ಲಿ ಯಾವ ಕಾಯಿ ನಿಂತಿತ್ತೋ ಅದರ ಹೆಸರು. ಇ ಸಾಲು ‘ಕೆ’, ಅಂದರೆ ರಾಜನದು. ಡಿ ಸಾಲು ‘ಕ್ಯೂ’, ಮಂತ್ರಿಯದು. ಎಫ್ ಸಾಲು ‘ಕೆಬಿ’, ರಾಜನ ಪಕ್ಕದ ಒಂಟೆಯದು. ಎ ಸಾಲು ‘ಕ್ಯೂಆರ್’, ಮಂತ್ರಿ ಕಡೆಯ ಆನೆಯದು. ‘ಪಿ’ ಕಾಲಾಳು, ‘ಕೆಟಿ’ ಕುದುರೆ. ಇಷ್ಟಾದರೆ ಸುಲಭ. ತೊಡಕು ಏನೆಂದರೆ, ಮನೆಗಳನ್ನು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಎಣಿಸುತ್ತಾರೆ. ಬಿಳಿಯ ‘ಕೆ4’ ಈಗಿನ ಇ4. ಕಪ್ಪಿನ ‘ಕೆ4’ ಈಗಿನ ಇ5.

ಇದು ಗೊತ್ತಿಲ್ಲದೆ ನಾನು ಮಾನ ಕಳೆದುಕೊಂಡದ್ದು ನಿಮ್ಮೂರಿನವರ ಹತ್ತಿರವೇ. ಕೋಲಾರದಲ್ಲಿ ನೈಟ್ ಡ್ಯೂಟಿ ಮಾಡುತ್ತಿದ್ದ ಒಬ್ಬ ಆಪರೇಟರ್ ಅಕ್ಕನಿಗೂ ಚೆಸ್ ಹುಚ್ಚಿತ್ತು. ಲೈನ್ ಖಾಲಿ ಇದ್ದಾಗ ಇಬ್ಬರೂ ಹೆಡ್‌ಸೆಟ್ ಹಾಕಿಕೊಂಡೇ ಆಡೋಣ ಅಂದುಕೊಂಡೆವು. ನಾನು ‘ಪಿ-ಕೆ4’ ಅಂದೆ. ಅವರೂ ‘ಪಿ-ಕೆ4’ ಅಂದರು. ‘ಅಲ್ಲಿ ನನ್ನ ಕಾಯಿ ಇದೆಯಲ್ರೀ, ಹೇಗೆ ಇಡ್ತೀರಿ?’ ಅಂತ ನಾನು ಜಗಳಕ್ಕೇ ಹೋದೆ. ‘ನನ್ನ ಕಡೆಯಿಂದ ಎಣಿಸಿ ಕಣ್ರೀ’ ಅಂತ ಅವರು ಬಿದ್ದು ಬಿದ್ದು ನಕ್ಕರು. ಒಂದು ಆಟ ಮುಗಿಯೋಕೆ ನಾಲ್ಕೈದು ರಾತ್ರಿ ಹಿಡಿಯುತ್ತಿತ್ತು. ಕಾಲ್ ಬಂದರೆ ಮೊದಲು ಕಾಲ್, ಆಟ ಆಮೇಲೆ. ಇದನ್ನು ಈಗ ಬರೆದರೆ ಪೆನ್ಷನ್ ನಿಲ್ಲಿಸುವುದಿಲ್ಲ ಅಂದುಕೊಂಡಿದ್ದೇನೆ.

1981ರಿಂದ ವಿಶ್ವ ಚೆಸ್ ಸಂಸ್ಥೆ ಈಗಿನ ಇ4, ಎಫ್3 ಪದ್ಧತಿಯನ್ನು ಮಾತ್ರ ಒಪ್ಪುತ್ತದೆ. ಆದರೆ ಪುಸ್ತಕ ಹಳೆಯದಾದರೆ ಆಟ ಹಳೆಯದಾಗುವುದಿಲ್ಲ. ಮೊದಲ ಹತ್ತು ಪುಟದ ನಡೆಗಳನ್ನು ಪೆನ್ಸಿಲ್ಲಿನಲ್ಲಿ ಹೊಸ ಪದ್ಧತಿಗೆ ಬದಲಾಯಿಸಿ ಬರೆಯಿರಿ. ಹತ್ತು ಪುಟ ಮುಗಿಯುವಷ್ಟರಲ್ಲಿ ಪೆನ್ಸಿಲ್ ಬೇಡವಾಗುತ್ತದೆ. ತಾತ ಪುಟದ ಅಂಚಿನಲ್ಲಿ ಏನಾದರೂ ಬರೆದಿದ್ದರೆ ಅಳಿಸಬೇಡಿ.

ಪ್ರಶ್ನೆ: ಮನೆಯಲ್ಲಿ ನಾವು ಆನೆ, ಒಂಟೆ, ಮಂತ್ರಿ ಅಂತೀವಿ. ಮಗನ ಕ್ಲಾಸಿನಲ್ಲಿ ರೂಕ್, ಬಿಷಪ್, ಕ್ವೀನ್. ಮಗು ಗೊಂದಲ ಮಾಡಿಕೊಳ್ಳುತ್ತಿದೆ. ಯಾವುದು ಸರಿ?
– ಗೃಹಿಣಿ, ಚಿಂತಾಮಣಿ

ಉತ್ತರ: ಮಗು ಗೊಂದಲ ಮಾಡಿಕೊಳ್ಳುತ್ತಿಲ್ಲ ಕಣಮ್ಮ, ನೀವು ಮಾಡಿಕೊಳ್ಳುತ್ತಿದ್ದೀರಿ. ಮಕ್ಕಳು ಅಜ್ಜಿ ಮನೆಯಲ್ಲಿ ಒಂದು ಹೆಸರು, ಸ್ಕೂಲಿನಲ್ಲಿ ಒಂದು ಹೆಸರು ಇಟ್ಟುಕೊಂಡು ಆರಾಮಾಗಿರುತ್ತವೆ.

ನಮ್ಮ ‘ಮಂತ್ರಿ’ ಅನ್ನುವ ಹೆಸರಿನಲ್ಲಿ ಹಳೇ ಆಟದ ನೆನಪಿದೆ. ಮೊದಲು ಆ ಕಾಯಿ ಓರೆಯಾಗಿ ಒಂದೇ ಮನೆ ನಡೆಯುತ್ತಿತ್ತು. ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಅದಕ್ಕೆ ಈಗಿನ ಬಲ ಬಂತು. ಅಲ್ಲಿ ಅದು ರಾಣಿ. ಹೆಸರು ಯಾವುದಾದರೇನು, ಕೆಲಸ ಒಂದೇ. ಬರೆಯುವಾಗ ಮಾತ್ರ ಇಂಗ್ಲಿಷ್ ಅಕ್ಷರ ಗೊತ್ತಿರಲಿ. ‘ಕೆ’ ರಾಜನಿಗೆ ಹೋದದ್ದರಿಂದ ಕುದುರೆಗೆ ‘ಎನ್’ ಅಂತ ಒಂದು ಸಲ ಹೇಳಿಬಿಡಿ, ಮಕ್ಕಳು ಅಲ್ಲೇ ಎಡವುವುದು.

ಮಗನಿಗೆ ಕುದುರೆ ಇಷ್ಟವಾ? ಹಾಗಾದರೆ ಖಾಲಿ ಮಣೆ ಮೇಲೆ ಒಂದು ಕುದುರೆ ಇಟ್ಟು, ಅರವತ್ನಾಲ್ಕು ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬಾ ಅನ್ನಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದೇ ಹುಚ್ಚು ಇತ್ತು. ಕುದುರೆ ನಡೆದ ಮನೆಗಳಿಗೆ ಅಂಕಿ ಹಾಕಿ ಮಾಯಾಚೌಕದಂಥ (ಅಡ್ಡ ಕೂಡಿದರೂ ಉದ್ದ ಕೂಡಿದರೂ ಒಂದೇ ಮೊತ್ತ ಬರುವ) ಲೆಕ್ಕಗಳನ್ನೂ ಹೆಣೆದಿದ್ದರು. ಬೇಸಿಗೆ ರಜ ಪೂರ್ತಿ ಸಾಕಾಗುತ್ತದೆ. ನಿಮಗೂ ಸ್ವಲ್ಪ ಪುರುಸೊತ್ತು ಸಿಗುತ್ತದೆ.

ಪ್ರಶ್ನೆ: ನನಗೆ 61. ರಿಟೈರ್ ಆದ ಮೇಲೆ ಚೆಸ್ ಶುರು ಮಾಡಿದ್ದೇನೆ. ನಾಲ್ಕು ನಡೆ ಮುಂದೆ ಯೋಚಿಸಿದರೆ ಮೊದಲನೆಯದು ಮರೆತುಹೋಗುತ್ತದೆ. ತಡವಾಯಿತೇ?
– ಮೊಮ್ಮಗನ ಎದುರಾಳಿ, ಶಿರಾ

ಉತ್ತರ: ನಾಲ್ಕು ನಡೆ ನೀವು ಯಾಕೆ ಹೊರಬೇಕು? ಕೆಲವು ಕಡೆ ಎಣಿಸದೆಯೇ ಗೊತ್ತಾಗುತ್ತದೆ, ಚೌಕ ಎಳೆದರೆ ಸಾಕು. ಬಿಳಿ ಕಾಲಾಳು ಎ4ರಲ್ಲಿದೆ. ಬಿಳಿ ರಾಜ ದೂರದ ಎಚ್1ರಲ್ಲಿ ಕೂತಿದ್ದಾನೆ, ಸಹಾಯಕ್ಕೆ ಬರುವುದಿಲ್ಲ. ಕಪ್ಪು ರಾಜ ಎಫ್6ರಲ್ಲಿ. ಕಾಲಾಳು ಎ8 ಮುಟ್ಟುವುದರೊಳಗೆ ಅವನು ಹಿಡಿಯುತ್ತಾನಾ? ಕಾಲಾಳು ಇರುವ ಮನೆಯಿಂದ ಕೊನೆಯ ಮನೆವರೆಗೆ ಒಂದು ಬದಿ ಮಾಡಿಕೊಂಡು, ರಾಜ ಇರುವ ದಿಕ್ಕಿಗೆ ಒಂದು ಚೌಕ ಎಳೆಯಿರಿ. ಇಲ್ಲಿ ಅದು ಎ4, ಎ8, ಇ8, ಇ4. ತನ್ನ ಸರದಿಯಲ್ಲಿ ಕಪ್ಪು ರಾಜ ಆ ಚೌಕದೊಳಗೆ ಕಾಲಿಡಲು ಆದರೆ ಹಿಡಿಯುತ್ತಾನೆ. ಆಗದಿದ್ದರೆ ಇಲ್ಲ. ಕಾಲಾಳು ಒಂದು ಹೆಜ್ಜೆ ಮುಂದೆ ಹೋದರೆ ಚೌಕ ಚಿಕ್ಕದಾಗುತ್ತದೆ, ನೆನಪಿರಲಿ.

ಕಪ್ಪಿನ ಸರದಿಯಾದರೆ ಏನಾಗುತ್ತದೆ, ಬಿಳಿಯ ಸರದಿಯಾದರೆ ಏನಾಗುತ್ತದೆ? ಮೊಮ್ಮಗನನ್ನು ಕೇಳುವ ಮುಂಚೆ ನೀವೇ ಹೇಳಿ. ಉತ್ತರವನ್ನು ಕಾರ್ಡಿನಲ್ಲಿ ಬರೆದು ಕಳಿಸಿ. ಫೋನಿನ ಕಂಪ್ಯೂಟರನ್ನು ಕೇಳಿ ಬರೆದರೆ ನನಗೆ ಗೊತ್ತಾಗುತ್ತದೆ. ಅದು ಯಾವತ್ತೂ ಚೌಕ ಎಳೆಯುವುದಿಲ್ಲ.